ತಲುಪಿದಿರಾ ಎಂದು ಕೇಳುತ್ತಿದ್ದವರು

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ರಸ್ತೆಯಲ್ಲಿ, ಟಾರು ಬಿಟ್ಟು ಒಳಗೆ ಜೀಪು ಇಳಿಯುವ ಕಡೆ ಅವರ ತೋಟ. ಅವರ ಮನೆಗೆ ಹೋಗಿ ಕಾಫಿ ಕುಡಿದು ಬಂದವರು ಯಾರೇ ಆಗಲಿ, ವಾಪಸು ಮನೆ ಮುಟ್ಟಿ ಚಪ್ಪಲಿ ಬಿಡುವ ಹೊತ್ತಿಗೆ ಫೋನು ಬರುತ್ತಿತ್ತು. "ತಲುಪಿದ್ರಾ? ಎಲ್ರೂ ಹುಷಾರಾಗಿದ್ದೀರಿ ತಾನೆ? ಹೊಟ್ಟೆಗಿಟ್ಟೆ ಸರಿಯಾಗಿದೆಯಾ?" ನಮ್ಮ ಕಡೆ ಇದು ವಿಶೇಷವೇನಲ್ಲ. ತಿರುವಿನ ರಸ್ತೆ, ಮಂಜು, ಅದರ ಮೇಲೆ ಆನೆ ಕಾಟ ಬೇರೆ. ಹೊರಟ ನೆಂಟರು ಮುಟ್ಟಿದರೋ ಇಲ್ಲವೋ ಎಂದು ವಿಚಾರಿಸುವುದು ಮರ್ಯಾದಸ್ಥರ ಲಕ್ಷಣ. ಹಾಗಾಗಿ ನಡುವೆ ಹೊಟ್ಟೆಯ ಮಾತು ಯಾಕೆ ಬಂತು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. "ಉಪಚಾರ ಅಂದ್ರೆ ಅವರದ್ದು ಮಾರಾಯ್ರೇ" ಎಂದು ಸುತ್ತಲಿನವರೆಲ್ಲ ಹೊಗಳುತ್ತಿದ್ದರು. ನಾನೂ ಹೊಗಳಿದವಳೇ.

ಹೋದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ, ಮನೆಯವರಿದ್ದಾರೆ, ನಾಳೆ ಎದುರು ಸಿಗುವವರು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ರಕ್ತಸಂಬಂಧವೇನಿಲ್ಲ, ನಮ್ಮ ತೋಟಕ್ಕೂ ಅವರ ತೋಟಕ್ಕೂ ನಡುವೆ ಒಂದು ಹಳ್ಳ, ಅಷ್ಟೇ. ತಿಥಿಯ ದಿನ ಬಂದವರೆಲ್ಲ ಅವರ ಕೈರುಚಿಯನ್ನೂ ಆ ಫೋನುಗಳನ್ನೂ ನೆನೆದು ಕಣ್ಣೊರೆಸಿಕೊಂಡರು. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಆ ಫೋನು ಅಕ್ಕನ ಒಳ್ಳೆಯತನವಾಗಿರಲಿಲ್ಲ, ಅದು ಅವರ ಸಂಕಟ. ಅವರಲ್ಲಿ ಒಳ್ಳೆಯತನ ಇತ್ತು, ಅದು ಬೇರೆ.

ನೋಡಲು ಎತ್ತರ, ನಡಿಗೆ ಜೋರು, ಬಾಯಿ ಇನ್ನೂ ಜೋರು. ಯಾರನ್ನಾದರೂ ಅಣಕಿಸಿ ತೋರಿಸುವುದರಲ್ಲಿ ಅಕ್ಕನನ್ನು ಮೀರಿಸುವವರಿರಲಿಲ್ಲ. ಕಾಫಿ ಕೊಳ್ಳುವ ಸಾಹುಕಾರ ಫೋನಿನಲ್ಲಿ "ಇವತ್ತು ಮಾರ್ಕೆಟ್ ಡಲ್ಲು ಅಮ್ಮಾ" ಎಂದು ರಾಗ ಎಳೆಯುವುದನ್ನು ಅವರು ಮಾಡಿ ತೋರಿಸಿದರೆ ಅವರ ಯಜಮಾನರೂ ಪೇಪರು ಕೆಳಗಿಟ್ಟು ನಗುತ್ತಿದ್ದರು. ತಾವು ನಗುವಾಗ ಮಾತ್ರ ಬಾಯಿಗೆ ಸೆರಗು. ಆಗ ಕೈ ಕಾಣುತ್ತಿತ್ತು. ಬೆರಳ ಸಂದಿಯೆಲ್ಲ ಬಿಳಿಚಿ, ಗಂಟಿನ ಹತ್ತಿರ ಚರ್ಮ ಒಡೆದು ಕೆಂಪಗೆ. ಬೇಸಿಗೆಯಲ್ಲೂ ಅವರ ಕೈ ಗದ್ದೆ ನೆಟ್ಟು ಬಂದವರ ಕೈಯ ಹಾಗೆ ಇರುತ್ತಿತ್ತು. ಕೇಳಿದರೆ, "ಸೋಪು ಆಗಿಬರಲ್ಲ ಕಣೇ, ಇರಲಿ ಬಿಡು" ಎಂದು ಮಾತು ತಿರುಗಿಸುತ್ತಿದ್ದರು.

ಅಕ್ಕನಿಗೆ ಮಡಿ ಜಾಸ್ತಿ ಎಂದು ಊರವರು ತೀರ್ಮಾನ ಮಾಡಿದ್ದರು. ನಾನು ತಮಾಷೆ ಮಾಡುತ್ತಿದ್ದೆ. "ಕೋಳಿ ಸಾರು ಕುದಿಯೋ ಮನೇಲಿ ಎಂಥ ಮಡಿ ಅಕ್ಕ? ಕೋಳಿಗೂ ಸ್ನಾನ ಮಾಡಿಸ್ತೀರಾ?" ಅವರೂ ನಗುತ್ತಿದ್ದರು. ಅವರ ಯಜಮಾನರಿಗೆ ಇನ್ನೊಂದು ಹೆಸರು ಬಂದಿತ್ತು, ಹೊಟ್ಟೆಬಾಕ ಎಂದು. ಯಾಕೆಂದರೆ ನೆಂಟರ ಎಲೆಗೆ ಬಡಿಸುವ ಮೊದಲೇ ಅವರು ಅಡುಗೆಮನೆಗೆ ನುಗ್ಗಿ "ಉಪ್ಪು ನೋಡ್ತೀನಿ" ಎಂದು ಸಾರು, ಪಲ್ಯ, ಪಾಯಸ ಎಲ್ಲವನ್ನೂ ಒಂದೊಂದು ಚಮಚ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಪಾಪ, ಸಣಕಲು ಮನುಷ್ಯ. ಆ ಹೆಸರನ್ನು ಸುಮ್ಮನೆ ಹೊತ್ತುಕೊಂಡು ತಿರುಗಿದರು.

ಅಕ್ಕನಿಗೆ ಇದ್ದವಳು ಒಬ್ಬಳೇ ಮಗಳು. ಸಕಲೇಶಪುರದ ಕಡೆ ಕಾಫಿ ತೋಟದವರ ಮನೆಗೇ ಕೊಟ್ಟಿದ್ದರು. ಅವಳು ಬಸುರಿ ಎಂದು ತಿಳಿದಾಗ ನಾವೆಲ್ಲ ಹಿಗ್ಗಿದೆವು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಅಂಥದ್ದರಲ್ಲಿ ಅಕ್ಕ ಬೀಗರ ಎದುರೇ, "ಅಲ್ಲೇ ಮಾಡಿಬಿಡಿ, ನನ್ನ ಕೈಲಾಗಲ್ಲ" ಎಂದುಬಿಟ್ಟರಂತೆ. ಗಟ್ಟಿಮುಟ್ಟಾದ ಹೆಂಗಸು, ಮನೆ ತುಂಬ ಅನುಕೂಲ, ಕೈಲಾಗಲ್ಲ ಎಂದರೆ ಏನು? ಊರಿನ ಹೆಂಗಸರು ಮೂಗು ಮುರಿದರು. ಮಗಳು ಅತ್ತಳಂತೆ. ನನಗಂತೂ ತಡೆಯಲಿಲ್ಲ. ಕೇಳಿಯೇ ಬಿಡುತ್ತೇನೆ ಎಂದು ಹೇಳದೆ ಕೇಳದೆ ಹಳ್ಳ ದಾಟಿ ಹೋದೆ.

ಹಿತ್ತಲ ಬಾಗಿಲಿಂದ ಒಳಗೆ ಹೋದರೆ ಅಕ್ಕ ಒಲೆಯ ಮುಂದೆ ನಿಂತಿದ್ದರು. ಆಗತಾನೆ ಇಳಿಸಿದ ಒಂದು ಪಾತ್ರೆ ಕಾಫಿಯನ್ನು ಸಿಂಕಿಗೆ ಸುರಿದರು. ಪಾತ್ರೆ ತೊಳೆದರು. ಹಾಲು ಇಟ್ಟರು, ಉಕ್ಕಿತು, ಅದನ್ನೂ ಸುರಿದರು. ಆಮೇಲೆ ಕೈ ತೊಳೆಯಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಬಾಯಲ್ಲಿ ಏನೋ ಗೊಣಗುತ್ತಿದ್ದರು. ನಾನು "ಅಕ್ಕಾ" ಎಂದೆ. ತಿರುಗಿ ನೋಡಿದ ಮುಖ ಕಂಡು, ಬೈಯಲು ಬಂದದ್ದು ಮರೆತು ನಾನೇ ನಲ್ಲಿ ನಿಲ್ಲಿಸಿದೆ.

"ಔಷಧಿ ಬಿದ್ದಿದೆ ಅನ್ನಿಸ್ತದೆ ಕಣೇ," ಎಂದರು.

"ಯಾವ ಔಷಧಿ?"

"ತೋಟಕ್ಕೆ ಹೊಡೆಯೋದು. ಸ್ಟೋರಲ್ಲಿದೆಯಲ್ಲ. ನಾನು ಆ ಕಡೆ ಹೋಗೇ ಇಲ್ಲ, ಗೊತ್ತು. ಕೀಲಿ ಇವರ ಹತ್ರ ಇದೆ, ಅದೂ ಗೊತ್ತು. ಆದ್ರೆ ನಾನೇ ನನಗೆ ಗೊತ್ತಿಲ್ಲದೆ ತಂದು ಕಾಫಿಗೆ ಹಾಕಿದ್ರೆ? ನೀವೆಲ್ಲ ಕುಡಿದು ದಾರಿಯಲ್ಲಿ ಬಿದ್ರೆ?"

ಆಗ ಒಂದೊಂದೇ ಅರ್ಥವಾಯಿತು. ಯಜಮಾನರು ಉಪ್ಪು ನೋಡುತ್ತಿದ್ದದ್ದು ಉಪ್ಪಿಗಲ್ಲ. ಅವರು ತಿಂದು ನೆಟ್ಟಗೆ ನಿಂತಿದ್ದನ್ನು ಕಣ್ಣಾರೆ ನೋಡಿದರೆ ಮಾತ್ರ ಅಕ್ಕನಿಗೆ ಬಡಿಸಲು ಧೈರ್ಯ. ಫೋನು ಮಾಡಿ ವಿಚಾರಿಸುತ್ತಿದ್ದದ್ದು ನಾವು ಬದುಕಿದ್ದೇವೋ ಇಲ್ಲವೋ ಎಂದು. ವರ್ಷಗಟ್ಟಲೆ ನಾವೆಲ್ಲ ಅದಕ್ಕೆ ಉಪಚಾರ ಎಂದು ಹೆಸರಿಟ್ಟು ಮೆಚ್ಚಿಕೊಂಡಿದ್ದೆವು.

"ಕೂಸಿಗೆ ಹಾಲು ಕುಡಿಸ್ಬೇಕು, ಮೀಯಿಸ್ಬೇಕು," ಅಕ್ಕ ಅಳಲಿಲ್ಲ, ಬರಿಯ ಧ್ವನಿ ಸಣ್ಣಗಾಗಿತ್ತು. "ನಾನು ಏನಾದ್ರೂ ಮಾಡಿಬಿಟ್ರೆ? ಅದಕ್ಕೇ ಬೇಡ ಅಂದೆ. ನನಗೆ ಆಸೆ ಇಲ್ಲ ಅಂದ್ಕೊಂಡ್ಯಾ?"

ಚಿಕ್ಕಮಗಳೂರಿಗೆ ಕರೆದುಕೊಂಡು ಹೋದವಳು ನಾನೇ. ಯಜಮಾನರು ಮೊದಲು ಜೋಯಿಸರ ಹತ್ತಿರ ಪ್ರಶ್ನೆ ಕೇಳಿಸೋಣ, ತಾಯತ ಕಟ್ಟಿಸೋಣ ಎಂದರು. ಅದೆಲ್ಲ ಆಮೇಲೆ ಮಾಡಿ ಎಂದು ನಾನು ಜೀಪು ಹತ್ತಿಸಿದೆ. ಮನೋವೈದ್ಯರು ಮಾತ್ರೆ ಬರೆದು, ಮಾತಿನ ಚಿಕಿತ್ಸೆಗೆ ಇನ್ನೊಬ್ಬರ ಹತ್ತಿರ ಕಳಿಸಿದರು. ಅಂಗಡಿಯ ಮೇಲಿನ ಸಣ್ಣ ಕೋಣೆ. ಬಯಲುಸೀಮೆಯ ಹುಡುಗಿ, ನನ್ನ ತಂಗಿಯ ಮಗಳ ವಯಸ್ಸು. ಇವಳೇನು ಹೇಳುತ್ತಾಳೆ ಎಂದು ನಾನು ಮುಖ ಗಂಟು ಹಾಕಿಕೊಂಡೇ ಕೂತೆ.

"ಇದು ಮಡಿಯೂ ಅಲ್ಲ, ದೆವ್ವವೂ ಅಲ್ಲ. ಗೀಳು ಕಾಯಿಲೆ," ಎಂದಳು. "ಕೆಟ್ಟ ಯೋಚನೆ ಎಲ್ಲರಿಗೂ ಬರುತ್ತೆ. ನಿಮಗೆ ಬಂದಿಲ್ವಾ ಮೇಡಂ?"

ನನ್ನನ್ನೇ ಕೇಳುವುದೇ! ಇಲ್ಲ ಎನ್ನಲು ಬಾಯಿ ತೆರೆದವಳಿಗೆ ನೆನಪಾಯಿತು. ಅತ್ತಿಗುಂಡಿಯ ಮೇಲಿನ ಬಂಡೆಯ ತುದಿಯಲ್ಲಿ ನಮ್ಮ ಯಜಮಾನರು ಮೊಬೈಲು ಹಿಡಿದು ನಿಂತಿದ್ದಾಗ, ಒಂದು ಸಣ್ಣ ದೂಡು ದೂಡಿದರೆ ಹೇಗೆ ಎಂದು ನನಗೆ ಅನ್ನಿಸಿತ್ತು. ಇದ್ದದ್ದನ್ನು ಹೇಳಿದೆ. ಅಷ್ಟು ಸಂಕಟದಲ್ಲೂ ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕರು.

"ನೀವು ನಕ್ಕು ಮರೆತಿರಿ," ಎಂದಳು ಆ ಹುಡುಗಿ. "ಇವರು ಇಂಥ ಯೋಚನೆ ಬಂತು ಅಂದ್ರೆ ತಾನು ಅಂಥವಳೇ ಇರಬೇಕು ಅಂತ ಹೆದರಿದರು. ಯಾರಿಗೂ ನೋವಾಗಬಾರದು ಅಂತ ಜೀವ ಬಿಡೋರಿಗೇ ಇದು ಹೀಗೆ ಹಿಡಿಯೋದು. ಹೆದರಿಕೆ ಹೋಗಲಿ ಅಂತ ಇವರು ಕೈ ತೊಳೀತಾರೆ, ಕಾಫಿ ಚೆಲ್ಲುತ್ತಾರೆ, ಫೋನ್ ಮಾಡಿ ಕೇಳ್ತಾರೆ. ನೀವೆಲ್ಲ ಏನೂ ಆಗಿಲ್ಲ, ಏನೂ ಆಗಿಲ್ಲ ಅಂತ ಸಮಾಧಾನ ಹೇಳ್ತೀರಿ. ಆ ಸಮಾಧಾನ ತಿಂದೇ ಕಾಯಿಲೆ ಬೆಳೆದಿದೆ."

ಹಿಂದೊಮ್ಮೆ ತೋಟಕ್ಕೆ ಔಷಧಿ ಹೊಡೆಯುವಾಗ ಒಬ್ಬ ಆಳು ತಲೆ ತಿರುಗಿ ಬಿದ್ದಿದ್ದನಲ್ಲ, ಅದರಿಂದಲೇ ಶುರುವಾದದ್ದಲ್ಲವೇ ಎಂದು ಯಜಮಾನರು ಕೇಳಿದರು. ಅದು ನೆಪ ಆಗಿರಬಹುದು, ಕಾರಣ ಹುಡುಕುತ್ತಾ ಕೂರುವುದು ಬೇಡ ಎಂದಳು. ಇನ್ನು ಮೇಲೆ ಯಜಮಾನರು ಉಪ್ಪು ನೋಡುವಂತಿಲ್ಲ. ಅಕ್ಕ ಯಾರಿಗೂ ಫೋನು ಮಾಡುವಂತಿಲ್ಲ. ಕೇಳಿದರೆ ನಾವು "ಏನೂ ಆಗಲ್ಲ" ಎನ್ನುವಂತಿಲ್ಲ. "ಆಗಬಹುದು, ಆಗದೆಯೂ ಇರಬಹುದು" ಎನ್ನಬೇಕು. ಇದೊಳ್ಳೆ ಕಥೆ! ಹೆದರಿ ನಡುಗುವವರಿಗೆ ಧೈರ್ಯ ಹೇಳದಿದ್ದರೆ ನಾವು ಮನುಷ್ಯರಾ ಎಂದು ನಾನು ಜಗಳವನ್ನೇ ತೆಗೆದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು ಮತ್ತೆ ಅದನ್ನೇ ಹೇಳಿದಳು.

ಅಕ್ಕ ಮಾತ್ರ ಒಂದೇ ಮಾತು ಕೇಳಿದರು. "ಹೆರಿಗೆ ಹೊತ್ತಿಗೆ ಸರಿ ಹೋಗ್ತದಾ?"

"ಪ್ರಯತ್ನ ಮಾಡೋಣ. ಮಾತು ಕೊಡಕ್ಕಾಗಲ್ಲ."

ವಾಪಸು ಬರುವಾಗ ಜೀಪಿನಲ್ಲಿ ಅಕ್ಕ ತಮ್ಮದೇ ರೀತಿಯಲ್ಲಿ ಅದನ್ನು ಅರ್ಥ ಮಾಡಿಕೊಂಡಿದ್ದರು. "ಇಂಬಳ ಹತ್ತಿದ ಹಾಗೆ ಕಣೇ. ಎಳೆದು ಕೀಳೋಕೆ ಹೋದ್ರೆ ಇನ್ನೂ ಗಾಯ ಆಗ್ತದೆ. ರಕ್ತ ಕುಡಿದು ಹೊಟ್ಟೆ ತುಂಬಿ ತಾನೇ ಉದುರಲಿ ಅಂತ ಸುಮ್ನೆ ಕೂರಬೇಕು. ಹೇಸಿಗೆ ಆದ್ರೂ ಕೂರಬೇಕು."

ಸುಮ್ಮನೆ ಕೂರುವುದು ಅಷ್ಟು ಸುಲಭವಿತ್ತೇ? ಅವರ ಮನೆಯಲ್ಲಿ ಪರೀಕ್ಷೆಯ ಕಾಫಿ ಕುಡಿಯುವ ಕೆಲಸ ನನಗೆ ಬಿತ್ತು. ಮೊದಲ ದಿನ ಅಕ್ಕ ಸ್ಟೋರಿನ ಚಿಲಕ ಮುಟ್ಟಿ, ಕೈ ತೊಳೆಯದೆ ಕಾಫಿ ಮಾಡಿ ಕೊಡಬೇಕಾಗಿತ್ತು. ತಟ್ಟೆಯ ಮೇಲೆ ಲೋಟ ಗಲಗಲ ಎನ್ನುತ್ತಿತ್ತು. ನಾನು ಕುಡಿಯುವುದನ್ನು ಅವರು ನೋಡಿದ ನೋಟ ಈಗಲೂ ಕಣ್ಣೆದುರಿಗಿದೆ. ಯಜಮಾನರು ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು. ಒಳಗೆ ಬಂದರೆ ಎಲ್ಲಿ ಒಂದು ಗುಟುಕು ಕುಡಿದುಬಿಡುತ್ತೇನೋ ಎಂದು ಅವರಿಗೇ ಭಯ.

"ಹೇಗಿದೆ?"

"ಸಕ್ಕರೆ ಕಮ್ಮಿ."

"ಬೇರೆ ಏನಾದ್ರೂ ವಾಸನೆ..."

"ಇರಬಹುದು, ಇಲ್ಲದೆಯೂ ಇರಬಹುದು," ಎಂದೆ. ಬಾಯಿ ಕಹಿಯಾಯಿತು, ಕಾಫಿಯಿಂದಲ್ಲ. ಅಕ್ಕ ಅಡುಗೆಮನೆಯ ನೆಲದ ಮೇಲೇ ಕುಸಿದು ಕೂತು ಬೆವರೊರೆಸಿಕೊಂಡರು. ಕೈ ತೊಳೆಯಲು ಎದ್ದರು, ಕೂತರು. ಮತ್ತೆ ಎದ್ದರು, ಕೂತರು. ನಾನು ಅವರ ಪಕ್ಕ ಕೂತು ಬೇರೆ ಮಾತಾಡಿದೆ, ಸಂಸೆಯಲ್ಲಿರುವ ನನ್ನ ನಾದಿನಿಯ ಮನೆ ಜಗಳ, ಮೆಣಸಿನ ಬಳ್ಳಿಯ ರೋಗ, ಬಾಯಿಗೆ ಬಂದದ್ದೆಲ್ಲ. ಮನೆಗೆ ಬಂದ ಮೇಲೆ ನನ್ನದೇ ಪರೀಕ್ಷೆ ಶುರುವಾಯಿತು. ಫೋನು ಬರಲಿಲ್ಲ. ಬರಬಾರದು ಎಂದು ಗೊತ್ತಿದ್ದರೂ ಮತ್ತೆ ಮತ್ತೆ ಅದರ ಮುಖ ನೋಡಿದೆ. ಆಚೆ ದಡದಲ್ಲಿ ಒಂದು ಜೀವ ಒದ್ದಾಡುತ್ತಿದೆ, ನಾನು ಬದುಕಿದ್ದೇನೆ ಎಂದು ಒಂದು ಮಾತು ಹೇಳಿದರೆ ಮುಗಿಯಿತು, ಅದನ್ನು ಹೇಳುವಂತಿಲ್ಲ. ಅಂಥ ಹಾಳು ಸಂಜೆಯನ್ನು ನಾನು ಕಂಡಿರಲಿಲ್ಲ.

ದಿನ ಕಳೆದಂತೆ ಲೋಟದ ಸದ್ದು ಕಡಿಮೆಯಾಯಿತು. ಹೆದರಿಕೆ ಬರುವುದು ನಿಲ್ಲಲಿಲ್ಲ. ಬಂದರೂ ಅಕ್ಕ ಕೆಲಸ ಬಿಟ್ಟು ಅದರ ಹಿಂದೆ ಓಡುವುದನ್ನು ಬಿಟ್ಟರು. ಕೈಯ ಬಿರುಕು ಮುಚ್ಚತೊಡಗಿತು. ಹಳೆಯ ಹತ್ತಿ ಸೀರೆಗಳನ್ನು ಒಗೆದು, ಹರಿದು, ಮಡಚಿ ಕೂಸಿಗೆಂದು ಎತ್ತಿಟ್ಟರು. ಬೀಗರಿಗೆ ಫೋನು ಮಾಡಿ ಬಾಣಂತನ ಇಲ್ಲೇ ಎಂದೂ ಹೇಳಿದರು. ಮಗಳು ಸಂತೋಷದಿಂದ ಓಡಿಬಂದಳು.

ಎಡವಿದ್ದು ಅಲ್ಲೇ. ಮಗಳನ್ನೂ ಒಂದು ದಿನ ಕರೆದುಕೊಂಡು ಬನ್ನಿ, ನಾನು ವಿವರಿಸುತ್ತೇನೆ ಎಂದು ಚಿಕಿತ್ಸೆಯ ಹುಡುಗಿ ಹೇಳಿದ್ದಳು. ಅಕ್ಕನಿಗೆ ಅಷ್ಟು ತಾಳ್ಮೆ ಎಲ್ಲಿ? ಮಗಳು ತನ್ನನ್ನು ಕಲ್ಲು ಎಂದುಕೊಂಡಿದ್ದಾಳೆ ಎಂಬ ನೋವು ಬೇರೆ. ಊಟಕ್ಕೆ ಕೂತಾಗ ಎಲ್ಲ ಹೇಳಿಬಿಟ್ಟರು. "ಕೂಸಿಗೆ ಏನಾದ್ರೂ ಮಾಡಿಬಿಡ್ತೀನಿ ಅಂತ ಯೋಚನೆ ಬರ್ತಿತ್ತು ಮಗಾ. ಅದಕ್ಕೇ ಬೇಡ ಅಂದಿದ್ದು. ಈಗ ಚಿಕಿತ್ಸೆ ತಗೊಳ್ತಾ ಇದ್ದೀನಿ." ಅಷ್ಟು ಹೇಳಿ ಹಗುರಾಗಿ, ಮಗಳಿಗೆ ಇನ್ನೊಂದು ಕಡುಬು ಹಾಕಿದರಂತೆ.

ಮಗಳು ಆ ಮಾತನ್ನು ಗಂಡನಿಗೆ ಹೇಳಿದಳು, ಗಂಡ ಅವನ ತಾಯಿಗೆ ಹೇಳಿದ. ಚಿಕಿತ್ಸೆಯ ಮಾತು ದಾರಿಯಲ್ಲೇ ಉದುರಿ, ಕೂಸಿಗೆ ಏನಾದರೂ ಮಾಡುತ್ತಾಳೆ ಎಂಬುದಷ್ಟೇ ಅಲ್ಲಿಗೆ ತಲುಪಿತು. ಮಗಳನ್ನು ವಾಪಸು ಕರೆದೊಯ್ಯಲು ಮರುದಿನವೇ ಕಾರು ಬಂತು. ಚಿಕಿತ್ಸೆಯ ಹುಡುಗಿ ತಾನೇ ಫೋನು ಮಾಡಿ ಅಳಿಯನಿಗೆ ತಿಳಿಸಿ ಹೇಳಲು ನೋಡಿದಳು. ಇಂಥ ಯೋಚನೆಗೆ ಹೆದರುವವರು ಹಾಗೆ ಮಾಡುವವರಲ್ಲ, ಅದಕ್ಕೇ ಹೆದರುವುದು ಎಂದಳು. "ನಮಗೂ ಅರ್ಥ ಆಗ್ತದೆ ಮೇಡಂ, ಆದ್ರೆ ರಿಸ್ಕ್ ಯಾಕೆ?" ಎಂದನಂತೆ. ಅಕ್ಕನ ತಲೆಯೊಳಗಿದ್ದ ಕಾಯಿಲೆ ಇಷ್ಟು ವರ್ಷ ಹೇಳುತ್ತಿದ್ದದ್ದೂ ಅದನ್ನೇ. ಈಗ ಅದಕ್ಕೆ ಹೊರಗಿನಿಂದಲೂ ಸಾಕ್ಷಿ ಸಿಕ್ಕಿತು.

ಹೆಣ್ಣು ಕೂಸು ಸಕಲೇಶಪುರದಲ್ಲೇ ಹುಟ್ಟಿತು. ಅಕ್ಕ ನೋಡಿ ಬಂದರು, ಎತ್ತಿಕೊಳ್ಳದೆ, ತೊಟ್ಟಿಲ ಪಕ್ಕ ನಿಂತು. ಇನ್ನು ಇವರು ಚಿಕ್ಕಮಗಳೂರಿಗೆ ಹೋಗುವುದಿಲ್ಲ ಎಂದು ನಾನಂದುಕೊಂಡೆ. ಆದರೆ ಮುಂದಿನ ವಾರವೇ ಜೀಪಿನ ಹತ್ತಿರ ನಿಂತಿದ್ದರು. "ಯಾರಿಗೋಸ್ಕರ ಅಕ್ಕ ಇನ್ನು?" ಎಂದು ಕೇಳಿಯೇಬಿಟ್ಟೆ, ನನ್ನ ಬಾಯಿಗೆ ಹಿಡಿತವಿಲ್ಲ. "ನನಗೋಸ್ಕರ ಒಂದು ಲೋಟ ಕಾಫಿ ನೆಮ್ಮದಿಯಾಗಿ ಮಾಡಿಕೊಂಡು ಕುಡಿದು ಸಾಯ್ತೀನಿ ಕಣೇ, ಹತ್ತು ಜೀಪು," ಎಂದರು.

ಆ ಮಳೆಗಾಲದಲ್ಲಿ ಅವರ ತೋಟದ ಆಳುಗಳಿರುವ ಲೈನಿನ ಮನೆಯೊಂದರಲ್ಲಿ ಹೆರಿಗೆಯಾಯಿತು. ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಪೈಕಿ ಒಬ್ಬ ಹುಡುಗಿ. ಅವಳ ತಾಯಿ ಅಷ್ಟು ದೂರದಿಂದ ಬರುವ ಹಾಗಿರಲಿಲ್ಲ. ಅವಳಿಗೆ ಕನ್ನಡ ಬಾರದು, ಅಕ್ಕನಿಗೆ ಅವಳ ಭಾಷೆ ಬಾರದು. ಮೊದಲ ಸಲ ನೋಡಲು ಹೋದ ಅಕ್ಕನ ಕೈಗೆ ಅವಳು ಸೀದಾ ಕೂಸನ್ನು ಇಟ್ಟುಬಿಟ್ಟಳು. ಅಕ್ಕ ಕಲ್ಲಾಗಿ ಕೂತದ್ದನ್ನು ನಾನು ನೋಡಿದೆ. ನನ್ನ ಮುಖ ನೋಡಿದರು, ನಾನು ಬೇಕೆಂದೇ ಬಾಗಿಲ ಆಚೆ ನೋಡಿದೆ. ಸ್ವಲ್ಪ ಹೊತ್ತಿಗೆ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, "ಬಿಸಿನೀರು ತಾ" ಎಂದರು. ಮೀಯಿಸಿ, ಒರೆಸಿ, ಬಟ್ಟೆ ಸುತ್ತಿಯೇ ಎದ್ದರು. ಆಮೇಲೆ ದಿನವೂ ಹೋದರು. ಎತ್ತಿಟ್ಟ ಹತ್ತಿ ಸೀರೆಗಳು ಆ ಕೂಸಿಗೇ ಆದವು. "ಯೋಚನೆ ಈಗಲೂ ಬರ್ತದಾ?" ಎಂದು ಒಮ್ಮೆ ಕೇಳಿದೆ. "ಬರ್ತದೆ. ಬಾ, ಮೂಲೆಯಲ್ಲಿ ಕೂತ್ಕೋ, ನನಗೆ ಕೂಸು ಮೀಯಿಸೋ ಕೆಲಸ ಇದೆ ಅಂತೀನಿ," ಎಂದು ಆ ಕಾಫಿ ಸಾಹುಕಾರನ ರಾಗದಲ್ಲೇ ಹೇಳಿ ತೋರಿಸಿದರು. ಅವತ್ತು ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಅಕ್ಕ ವಾಸಿಯಾದರು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಊರಿಗೆ ಮಾತ್ರ ಅದು ಬೇರೆಯೇ ಕಂಡಿತು. "ಈಗ ಹೋಗಿ ಬಂದ್ರೆ ಒಂದು ಫೋನೂ ಮಾಡಲ್ಲ, ಜಂಬ ಬಂದಿದೆ" ಎಂದರು. ಒಬ್ಬಳಿಗಂತೂ ನಾನು ಮುಖದ ಮೇಲೆ ಹೊಡೆದ ಹಾಗೆ ಉತ್ತರ ಕೊಟ್ಟೆ. ಬೀಗರ ಕಡೆಯ ಸುದ್ದಿಯೂ ಹೇಗೋ ಹಬ್ಬಿತ್ತು. ಮದುವೆ ಮನೆಗಳಲ್ಲಿ ಎಳೆ ಕೂಸಿನ ತಾಯಂದಿರು ಅಕ್ಕನ ಪಕ್ಕದಿಂದ ಮೆಲ್ಲಗೆ ಎದ್ದು ಬೇರೆ ಕಡೆ ಕೂರುತ್ತಿದ್ದರು. ಅಕ್ಕ ಅದನ್ನು ಕಂಡೂ ಕಾಣದವರಂತೆ ಇರುತ್ತಿದ್ದರು.

ಮಗಳು ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಕಳೆದ ಸಲ ಬಂದಾಗ ಮೊಮ್ಮಗಳು ಓಡಾಡುವಷ್ಟು ದೊಡ್ಡವಳು. ನಾನೂ ಅಲ್ಲಿದ್ದೆ. ಅಕ್ಕ ಮಗುವನ್ನು ಎತ್ತಿಕೊಂಡರೆ ಮಗಳು ಕೈಗೆಟುಕುವ ದೂರದಲ್ಲಿ ನಿಲ್ಲುತ್ತಿದ್ದಳು. ಅಕ್ಕ ತಿಂಡಿ ಕೊಟ್ಟರೆ, "ಅವಳಿಗೆ ಆಮೇಲೆ ನಾನು ಕೊಡ್ತೀನಮ್ಮ" ಎಂದು ತಟ್ಟೆ ತೆಗೆದುಕೊಳ್ಳುತ್ತಿದ್ದಳು. ಮುಖದಲ್ಲಿ ನಗುವಿತ್ತು, ಒರಟು ಮಾತು ಒಂದೂ ಇರಲಿಲ್ಲ. ಬೆಳಗ್ಗೆ ಬಚ್ಚಲಲ್ಲಿ ನೀರು ಕಾದಿತ್ತು. ಅಕ್ಕ ಎಣ್ಣೆಯ ಬಟ್ಟಲು ಹಿಡಿದು ಬಂದು ಹೇಳಿದರು, "ಒಂದು ಸಲ ನಾನು ಮೀಯಿಸ್ತೀನಿ ಮಗಾ. ನೀನು ಹೊರಗೆ ಇರು."

"ಬೇಡ ಬಿಡಮ್ಮ, ನಿನಗ್ಯಾಕೆ ಸುಮ್ನೆ ತೊಂದ್ರೆ," ಎಂದಳು ಮಗಳು. ಮಗುವನ್ನು ಸೊಂಟಕ್ಕೇರಿಸಿಕೊಂಡು ತಾನೇ ಬಚ್ಚಲಿಗೆ ಹೋದಳು.

"ಸರಿ," ಎಂದರು ಅಕ್ಕ. ಎಣ್ಣೆ ಬಟ್ಟಲನ್ನು ಬಾಗಿಲ ಹತ್ತಿರ ಇಟ್ಟು ಅಡುಗೆಮನೆಗೆ ಬಂದು ನನಗೆ ಕಾಫಿ ಮಾಡಿಕೊಟ್ಟರು. ಕೈ ನಡುಗಲಿಲ್ಲ. "ಅವಳನ್ನ ಬೈಬೇಡ," ಎಂದರು, ನಾನು ಬೈಯಲು ಹೊರಟದ್ದು ಮುಖದಲ್ಲೇ ಕಂಡಿರಬೇಕು. "ಆ ಹೆದರಿಕೆ ಎಂಥದ್ದು ಅಂತ ನನಗಿಂತ ಯಾರಿಗೆ ಗೊತ್ತು?"

ಅದಾಗಿ ಸ್ವಲ್ಪ ದಿನಕ್ಕೇ, ಕಣದಲ್ಲಿ ಕಾಫಿ ಹರಡಿಸುತ್ತಿದ್ದ ಅಕ್ಕ ಎದೆ ಹಿಡಿದುಕೊಂಡು ಕೂತರು. ಮೂಡಿಗೆರೆ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ತಿಥಿಯ ಊಟ ಮುಗಿದು ಜನ ಕರಗಿದ ಮೇಲೆ ಮಗಳು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಮಗು ಅವಳ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು. ಇಷ್ಟು ದಿನ ಕಟ್ಟಿಟ್ಟುಕೊಂಡದ್ದನ್ನು ಇವತ್ತು ಆಡಿಯೇ ತೀರುತ್ತೇನೆ ಎಂದು ಪಕ್ಕದಲ್ಲಿ ಕೂತೆ. ಲೈನಿನ ಕೂಸನ್ನು ಮೀಯಿಸಿದ್ದು, ನಡುಗುವ ಕೈಯಲ್ಲಿ ಕಾಫಿ ಕೊಟ್ಟದ್ದು, ಎಲ್ಲ ಹೇಳಿದೆ. "ನಿಮ್ಮಮ್ಮ ಒಂದು ಇರುವೆಗೂ ಕೇಡು ಮಾಡೋರಲ್ಲ ಕಣೇ. ನಿನಗೆ ಯಾಕೆ ಅದು ಗೊತ್ತಾಗಲಿಲ್ಲ?" ಎಂದು ಕೇಳಿದೆ. ಅವಳು ಅಳುತ್ತಾಳೆ, ಇಲ್ಲವೇ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಮಗುವಿನ ಬೆನ್ನ ಮೇಲಿದ್ದ ಕೈಯನ್ನು ತೆಗೆಯದೆ ಹೇಳಿದಳು:

"ಗೊತ್ತಿತ್ತು ಆಂಟಿ. ಅಮ್ಮ ಏನೂ ಮಾಡಲ್ಲ ಅಂತ ಆವತ್ತು ಬಚ್ಚಲ ಬಾಗಿಲಲ್ಲೂ ಗೊತ್ತಿತ್ತು. ಗೊತ್ತಿದ್ರೂ ಕೊಡೋಕೆ ಕೈ ಬರ್ಲಿಲ್ಲ."